ಓದುಗರ ಪ್ರಶ್ನೆ: 478ನೇ ಪಂದ್ಯದಲ್ಲಿ ಗೆದ್ದವರ ಕಸುಬು

ಇಂಗ್ಲೆಂಡಿನ ಗಾಲ್ಫ್ ಆಟಗಾರ ರಿಚರ್ಡ್ ಬ್ಲಾಂಡ್ 48ನೇ ವಯಸ್ಸಿನಲ್ಲಿ ಮೊದಲ ಸಲ ಯುರೋಪಿಯನ್ ಟೂರ್ (ಯುರೋಪಿನ ಮುಖ್ಯ ಪಂದ್ಯಸರಣಿ) ಪಂದ್ಯ ಗೆದ್ದಿದ್ದನ್ನು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದಿದ್ದೆವು. ಹಾಸನ, ಚಿಕ್ಕಮಗಳೂರು ಕಡೆಯಿಂದ ಅದಕ್ಕೆ ಪತ್ರಗಳು ಬಂದಿವೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಬ್ಲಾಂಡ್ 1996ರಲ್ಲಿ ವೃತ್ತಿಗೆ ಇಳಿದವರು, ಗೆದ್ದದ್ದು 2021ರಲ್ಲಿ. 25 ವರ್ಷ ಸೋಲುತ್ತಲೇ ಇದ್ದವರನ್ನು ಆಡಲು ಬಿಟ್ಟವರು ಯಾರು? ಅಷ್ಟು ವರ್ಷ ಹೊಟ್ಟೆಪಾಡು ಹೇಗೆ ನಡೆಯಿತು? (ಕಾಫಿ ಬೆಳೆಗಾರರು, ಮೂಡಿಗೆರೆ)

ಉತ್ತರ: ಮೊದಲು ‘ಸೋಲು’ ಎಂಬ ಮಾತನ್ನು ಸರಿಮಾಡಿಕೊಳ್ಳೋಣ. ಕಬಡ್ಡಿಯಲ್ಲಿ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಗಾಲ್ಫ್‌ನಲ್ಲಿ ಒಂದು ವಾರದ ಪಂದ್ಯಕ್ಕೆ 156 ಜನ ಇಳಿದರೆ ಗೆಲ್ಲುವವರು ಒಬ್ಬರೇ. ಉಳಿದ 155 ಜನ ಸೋತವರಲ್ಲ. 2ನೇ ಸ್ಥಾನಕ್ಕೂ 20ನೇ ಸ್ಥಾನಕ್ಕೂ 60ನೇ ಸ್ಥಾನಕ್ಕೂ ಬೇರೆ ಬೇರೆ ಬೆಲೆಯಿದೆ. ಆ ಬೆಲೆಗಳನ್ನು ಕೂಡಿಸಿಕೊಂಡು ಹೋಗುವುದೇ ಕಸುಬುದಾರ ಆಟಗಾರನ ಜೀವನ. ಇಂಗ್ಲಿಷಿನವರು ಇಂಥವರನ್ನು ‘ಜರ್ನಿಮನ್’ ಎನ್ನುತ್ತಾರೆ. ಊರೂರು ಸುತ್ತುವವನು ಎಂದು ಅರ್ಥವಲ್ಲ. ಕೆಲಸ ಪೂರ್ತಿ ಕಲಿತು, ಆದರೆ ಸ್ವಂತ ಅಂಗಡಿ ಇಡದೆ, ದಿನದ ಲೆಕ್ಕದಲ್ಲಿ ಕೂಲಿ ಪಡೆಯುವ ಕುಶಲಕರ್ಮಿಗೆ ಇದ್ದ ಹಳೆಯ ಹೆಸರು ಅದು.

ಆಡಲು ಬಿಡುವುದು ‘ಕಾರ್ಡ್’, ಅಂದರೆ ಟೂರ್‌ನಲ್ಲಿ ಆಡುವ ವರ್ಷದ ಪರವಾನಗಿ. ಯುರೋಪಿಯನ್ ಟೂರ್‌ಗೆ 2022ರಿಂದ ಡಿಪಿ ವರ್ಲ್ಡ್ ಟೂರ್ ಎಂಬ ಹೆಸರಿದೆ. ವರ್ಷದ ಕೊನೆಗೆ ಅಲ್ಲಿಯ ಅಂಕಪಟ್ಟಿಯಲ್ಲಿ ಮೊದಲ 110–115ರ ಆಸುಪಾಸಿನಲ್ಲಿ ಇರುವವರಿಗೆ ಮುಂದಿನ ವರ್ಷದ ಕಾರ್ಡ್ ಉಳಿಯುತ್ತದೆ. ಕೆಳಗೆ ಜಾರಿದವರಿಗೆ ಎರಡೇ ದಾರಿ: ಎರಡನೇ ದರ್ಜೆಯ ಟೂರ್ (2024ರವರೆಗೆ ಅದಕ್ಕೆ ಚಾಲೆಂಜ್ ಟೂರ್ ಎಂಬ ಹೆಸರಿತ್ತು), ಇಲ್ಲವೇ ‘ಕ್ಯೂ ಸ್ಕೂಲ್’ ಎಂಬ ಅರ್ಹತಾ ಪಂದ್ಯಗಳು. ಬ್ಲಾಂಡ್ 2001ರಲ್ಲಿ ಚಾಲೆಂಜ್ ಟೂರ್‌ನ ಗ್ರ್ಯಾಂಡ್ ಫೈನಲ್ ಗೆದ್ದವರು. ಆಮೇಲೆ ಹತ್ತಿದ್ದೂ ಇದೆ, ಇಳಿದದ್ದೂ ಇದೆ. 2018ರಲ್ಲಿ ಕಾರ್ಡ್ ಹೋಯಿತು. 2019ರಲ್ಲಿ, 46ನೇ ವಯಸ್ಸಿನಲ್ಲಿ, ತಮ್ಮ ಅರ್ಧ ಪ್ರಾಯದ ಹುಡುಗರ ಜೊತೆ ಚಾಲೆಂಜ್ ಟೂರ್ ಆಡಿ ಅದನ್ನು ಮರಳಿ ಪಡೆದರು. 2021ರ ಮೇ ತಿಂಗಳಲ್ಲಿ ದಿ ಬೆಲ್‌ಫ್ರಿ ಮೈದಾನದ ಬ್ರಿಟಿಷ್ ಮಾಸ್ಟರ್ಸ್ ಅವರ 478ನೇ ಪಂದ್ಯ. ಕೊನೆಯ ಸುತ್ತಿನ 18 ಹೋಲ್‌ಗಳನ್ನು (ಚೆಂಡು ಬೀಳಿಸಬೇಕಾದ ಗುಂಡಿಗಳು) 66 ಹೊಡೆತದಲ್ಲಿ ಮುಗಿಸಿ ಇಟಲಿಯ ಗ್ವಿಡೊ ಮಿಲ್ಯೋಟ್ಸಿ ಜೊತೆ ಸಮ ಬಂದರು. ಸಮ ಬಿಡಿಸುವ ಪ್ಲೇಆಫ್‌ನ ಮೊದಲ ಹೋಲ್‌ನಲ್ಲಿ ಮಿಲ್ಯೋಟ್ಸಿಗೆ ಗ್ರೀನ್ (ಗುಂಡಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಮೂರು ಪಟ್ (ಉರುಳಿಸುವ ಹೊಡೆತ) ಬೇಕಾದವು, ಬ್ಲಾಂಡ್‌ಗೆ ಪಾರ್, ಅಂದರೆ ಆ ಹೋಲ್‌ಗೆ ಗೊತ್ತುಮಾಡಿದಷ್ಟು ಹೊಡೆತ, ಸಾಕಾಯಿತು. ಆ ಟೂರ್‌ನಲ್ಲಿ ಅಷ್ಟು ವಯಸ್ಸಾದ ಮೇಲೆ ಮೊದಲ ಸಲ ಗೆದ್ದವರು ಅದುವರೆಗೆ ಇರಲಿಲ್ಲ. ಅದೇ ಜೂನ್‌ನಲ್ಲಿ ಟಾರಿ ಪೈನ್ಸ್‌ನ ಯುಎಸ್ ಓಪನ್‌ನಲ್ಲಿ ಎರಡು ಸುತ್ತು ಮುಗಿದಾಗ ಅವರು ಜಂಟಿ ಮುನ್ನಡೆಯಲ್ಲಿದ್ದರು.

ಇದು ಒಬ್ಬರ ಅದೃಷ್ಟದ ಕಥೆ ಎಂದುಕೊಳ್ಳಬೇಡಿ. ರೋಜರ್ ಚಾಪ್‌ಮನ್ 1981ರಲ್ಲಿ ವೃತ್ತಿಗೆ ಬಂದವರು. 1999ರ ಕೊನೆಗೆ ಕಾರ್ಡ್ ಕಳೆದುಕೊಂಡು, ಕ್ಯೂ ಸ್ಕೂಲ್‌ನಿಂದ ಮರಳಿ ಪಡೆದು, 2000ದಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ತಮ್ಮ 472ನೇ ಪಂದ್ಯ ಗೆದ್ದರು. ಪ್ಲೇಆಫ್‌ನಲ್ಲಿ ಎದುರಿಗಿದ್ದವರು ಪ್ಯಾಡ್ರಿಗ್ ಹ್ಯಾರಿಂಗ್ಟನ್. ಶೆಫೀಲ್ಡ್‌ನ ಮಾಲ್ಕಮ್ ಮೆಕೆಂಜಿ 2002ರ ಫ್ರೆಂಚ್ ಓಪನ್ ಗೆದ್ದದ್ದು 509ನೇ ಪಂದ್ಯದಲ್ಲಿ. ನಮ್ಮ ಅಭಿಪ್ರಾಯ ಕೇಳಿದರೆ, ಈ ಮೂವರ ಸಾಧನೆಯಲ್ಲಿ ಆ ಒಂದೊಂದು ಗೆಲುವಿಗಿಂತ ದೊಡ್ಡದು ಅದರ ಹಿಂದಿನ 477, 471, 508. ಅಷ್ಟು ಪಂದ್ಯ ಆಡಲು ಕಾರ್ಡ್ ಇಟ್ಟುಕೊಳ್ಳುವುದು ಬಹುಪಾಲು ವೃತ್ತಿಪರರಿಗೆ ಆಗದ ಕೆಲಸ.

ಪ್ರಶ್ನೆ: 60ನೇ ಸ್ಥಾನಕ್ಕೂ ಬೆಲೆ ಇದೆ ಎನ್ನುತ್ತೀರಿ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಿ. (ಬ್ಯಾಂಕ್ ಉದ್ಯೋಗಿ, ಹಾಸನ)

ಉತ್ತರ: ಒಟ್ಟು ಬಹುಮಾನ 25 ಲಕ್ಷ ಡಾಲರ್ ಇರುವ ಒಂದು ವಾರ ಇಟ್ಟುಕೊಳ್ಳಿ. ಡಿಪಿ ವರ್ಲ್ಡ್ ಟೂರ್‌ನಲ್ಲಿ ಗೆದ್ದವರಿಗೆ ಶೇ. 17, ಅಂದರೆ 4,25,000 ಡಾಲರ್. 5ನೇ ಸ್ಥಾನಕ್ಕೆ ಶೇ. 4ರ ಸುಮಾರು, ಅಂದರೆ ಒಂದು ಲಕ್ಷ. 60ನೇ ಸ್ಥಾನಕ್ಕೆ ಶೇ. 0.3ರ ಆಸುಪಾಸು, ಅಂದರೆ 7,500. ಎರಡು ದಿನದ 36 ಹೋಲ್ ಮುಗಿದ ಮೇಲೆ ಮೊದಲ 65 ಸ್ಥಾನ ಮತ್ತು ಅವರಿಗೆ ಸಮನಾದವರು ಮಾತ್ರ ಉಳಿಯುತ್ತಾರೆ. ಇದೇ ‘ಕಟ್’. ಒಂದೇ ಹೊಡೆತದಲ್ಲಿ ಕಟ್ ತಪ್ಪಿದರೂ ಆ ವಾರದ ಬಹುಮಾನ ಸೊನ್ನೆ.

ಈಗ ಖರ್ಚು. ಆಟಗಾರ ಯಾರ ನೌಕರನೂ ಅಲ್ಲ. ವಿಮಾನ, ಹೋಟೆಲ್, ಊಟ, ಕೋಚ್ ಎಲ್ಲ ಅವರದೇ. ಆಟದ ಕೋಲುಗಳ (ಕ್ಲಬ್) ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿಗೆ ವಾರದ ಸಂಬಳ ಬೇರೆ, ಬಹುಮಾನದಲ್ಲಿ ಪಾಲು ಬೇರೆ. ರೂಢಿಯ ಲೆಕ್ಕ ಸಾಮಾನ್ಯ ವಾರಕ್ಕೆ ಶೇ. 5, ಮೊದಲ ಹತ್ತರಲ್ಲಿ ಬಂದರೆ ಶೇ. 7, ಗೆದ್ದರೆ ಶೇ. 10. ಆಡಿದ ದೇಶದಲ್ಲೇ ತೆರಿಗೆ ಮುರಿದುಕೊಳ್ಳುವುದೂ ಉಂಟು.

ಉದಾಹರಣೆಗೆ ಕ್ಯಾಡಿ ಸಂಬಳವೂ ಸೇರಿ ವಾರದ ಖರ್ಚು 3,500 ಡಾಲರ್ ಎಂದು ಹಿಡಿಯೋಣ. 28 ಪಂದ್ಯಕ್ಕೆ 98,000. ಅರ್ಧ ಪಂದ್ಯಗಳಲ್ಲಿ, ಅಂದರೆ 14ರಲ್ಲಿ ಕಟ್ ದಾಟಿ ಸರಾಸರಿ 8,500 ಸಿಕ್ಕರೆ ಬಂದದ್ದು 1,19,000. ಕ್ಯಾಡಿಯ ಶೇ. 5 ಕಳೆದರೆ 1,13,050. ವರ್ಷವಿಡೀ ಊರು ಬಿಟ್ಟು ಸುತ್ತಿದ್ದಕ್ಕೆ ಉಳಿದದ್ದು 15,050 ಡಾಲರ್, ಅದೂ ತೆರಿಗೆಗೆ ಮುಂಚೆ. ಅದೇ ವರ್ಷದಲ್ಲಿ ಒಂದೇ ಒಂದು ವಾರ 5ನೇ ಸ್ಥಾನ ಬಂದರೆ ಒಂದು ಲಕ್ಷ ಕೈಸೇರಿ ಇಡೀ ಲೆಕ್ಕವೇ ತಿರುಗುತ್ತದೆ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೆರಡು ತಿಂಗಳು ತೋಟದಲ್ಲಿ ದುಡಿದರೂ ಫಸಲು ನಿಂತಿರುವುದು ಹೂಮಳೆ ಬಿದ್ದ ಒಂದೆರಡು ದಿನದ ಮೇಲೆ. ಮಳೆ ಯಾವಾಗ ಬೀಳುತ್ತದೋ ಗೊತ್ತಿಲ್ಲ, ಬಿದ್ದಾಗ ಗಿಡ ತಯಾರಿರಬೇಕು ಅಷ್ಟೆ.

ಈ ಏರುಪೇರು ತುಸು ತಗ್ಗಲೆಂದು 2023ರ ಸಾಲಿನಿಂದ ಡಿಪಿ ವರ್ಲ್ಡ್ ಟೂರ್ ಒಂದು ಭದ್ರತೆ ಕೊಟ್ಟಿದೆ. ಪೂರ್ಣ ಅರ್ಹತೆಯಿದ್ದು 15 ಅಥವಾ ಹೆಚ್ಚು ಪಂದ್ಯ ಆಡಿದವರ ಗಳಿಕೆ 1,50,000 ಡಾಲರ್‌ಗಿಂತ ಕಡಿಮೆಯಾದರೆ ಉಳಿದದ್ದನ್ನು ಟೂರ್ ತುಂಬಿಕೊಡುತ್ತದೆ. ಮೆಕೆಂಜಿ, ಚಾಪ್‌ಮನ್ ಕಾಲದಲ್ಲಿ ಇದು ಇರಲಿಲ್ಲ.

ಪ್ರಶ್ನೆ: ಕ್ಯೂ ಸ್ಕೂಲ್ ಎಂದರೆ ಶಾಲೆಯೇ? ಪಾಠ ಮಾಡುತ್ತಾರೆಯೇ? (ಪಿಯುಸಿ ವಿದ್ಯಾರ್ಥಿ, ಅರಸೀಕೆರೆ)

ಉತ್ತರ: ಪಾಠವಿಲ್ಲ, ಪರೀಕ್ಷೆ ಮಾತ್ರ. ಮೂರು ಹಂತ. ಮೊದಲ ಹಂತ ಹಲವು ದೇಶಗಳ ಮೈದಾನಗಳಲ್ಲಿ, ಎರಡನೆಯದು ಸ್ಪೇನ್‌ನಲ್ಲಿ. ಎರಡೂ 72 ಹೋಲ್. ಕೊನೆಯದು ಸ್ಪೇನ್‌ನ ತಾರಾಗೋನಾ ಬಳಿಯ ಇನ್‌ಫಿನಿಟಮ್‌ನಲ್ಲಿ, ಆರು ದಿನ, 108 ಹೋಲ್. ನಾಲ್ಕು ಸುತ್ತಿನ ನಂತರ ಅಲ್ಲೂ ಕಟ್ ಇದೆ. ಕೊನೆಗೆ ಮೊದಲ 20 ಸ್ಥಾನ ಮತ್ತು ಸಮನಾದವರಿಗೆ ಕಾರ್ಡ್. ಕೋವಿಡ್‌ನಿಂದಾಗಿ 2020, 2021ರಲ್ಲಿ ಇದು ನಡೆಯಲೇ ಇಲ್ಲ. ಆ ಎರಡು ವರ್ಷ ಹೊಸಬರಿಗೆ ಈ ಬಾಗಿಲು ಮುಚ್ಚಿತ್ತು.

ಕಾರ್ಡ್ ಸಿಕ್ಕಿದರೆ ಎಲ್ಲ ಪಂದ್ಯಕ್ಕೂ ಪ್ರವೇಶ ಸಿಕ್ಕಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಆಟಗಾರರನ್ನು ವರ್ಗಗಳ ಸಾಲಿನಲ್ಲಿ ನಿಲ್ಲಿಸುತ್ತಾರೆ. ಗೆದ್ದವರು ಮೇಲೆ, ಕ್ಯೂ ಸ್ಕೂಲ್‌ನಿಂದ ಬಂದವರು ಕೆಳಗೆ. ದೊಡ್ಡ ಬಹುಮಾನದ ವಾರಗಳಲ್ಲಿ ಸಾಲು ಅವರವರೆಗೆ ಬರುವುದೇ ಇಲ್ಲ. ಹಾಗಾಗಿ ವರ್ಷದ ಆರಂಭದ ಸಣ್ಣ ಪಂದ್ಯಗಳಲ್ಲೇ ಅಂಕ ಗಳಿಸಬೇಕು. ಹೊಸಬರು ಎಡವುವುದು ಇಲ್ಲೇ: ಡಿಸೆಂಬರ್‌ನಲ್ಲಿ ದಣಿವಾರಿಸಿಕೊಂಡು ಏಪ್ರಿಲ್‌ನಲ್ಲಿ ಶುರುಮಾಡೋಣ ಎಂದುಕೊಂಡರೆ ಅಷ್ಟರಲ್ಲಿ ಅವರ ಪಾಲಿನ ಪಂದ್ಯಗಳು ಮುಗಿದಿರುತ್ತವೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ 7 ಐರನ್ ಎಂಬ ಕ್ಲಬ್‌ನಿಂದ 150 ಗಜ ಹೊಡೆಯುವವನು ಮಂಗಳೂರಿಗೆ ಹೋದರೆ ಚೆಂಡು ಗ್ರೀನ್ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಕಡಿಮೆ. ತೇವದ ಗಾಳಿ ಭಾರ ಎಂದು ಜೊತೆಯವರು ಹೇಳುತ್ತಾರೆ. ಊರೂರು ಸುತ್ತುವ ವೃತ್ತಿಪರರು ಇದನ್ನು ಹೇಗೆ ಸರಿದೂಗಿಸುತ್ತಾರೆ? (ಹವ್ಯಾಸಿ ಆಟಗಾರರು, ಚಿಕ್ಕಮಗಳೂರು)

ಉತ್ತರ: ಇಲ್ಲಿ ಎರಡು ಬೇರೆ ಕಾರಣಗಳು ಬೆರೆತಿವೆ.

ಮೊದಲನೆಯದು ಎತ್ತರ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಪಾಲು ಕಡಿಮೆ. ತಡೆ ಕಡಿಮೆಯಾದ್ದರಿಂದ ಚೆಂಡು ಸುಮಾರು ಶೇ. 4ರಷ್ಟು ಹೆಚ್ಚು ದೂರ ಹೋಗುತ್ತದೆ. ನಿಮ್ಮ 150 ಗಜ ಕರಾವಳಿಯಲ್ಲಿ 144. ಒಂದು ಕ್ಲಬ್‌ಗೂ ಮುಂದಿನದಕ್ಕೂ 10–12 ಗಜ ವ್ಯತ್ಯಾಸ ಇರುವುದರಿಂದ ಇದು ಅರ್ಧ ಕ್ಲಬ್. ಮಂಗಳೂರಿನಲ್ಲಿ 6 ಐರನ್ (ಅಂಕಿ ಕಡಿಮೆಯಾದಷ್ಟು ದೂರ ಹೆಚ್ಚು) ಹಿಡಿದು ಹಿಡಿಕೆಯ ಮೇಲೆ ಅರ್ಧ ಅಂಗುಲ ಕೆಳಗೆ ಕೈಯಿಡಿ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ: ದಟ್ಟ ಗಾಳಿಯಲ್ಲಿ ಚೆಂಡು ಹೆಚ್ಚು ತಿರುಗುತ್ತದೆ. ಗುಡ್ಡದ ಮೇಲೆ ಹತ್ತು ಗಜ ಬಲಕ್ಕೆ ವಾಲುವ ಹೊಡೆತ ಕರಾವಳಿಯಲ್ಲಿ ಅದಕ್ಕಿಂತ ಹೆಚ್ಚು ವಾಲುತ್ತದೆ.

ತೇವದ ಗಾಳಿ ಭಾರ ಎಂಬುದು ತಪ್ಪು. ನೀರಾವಿಯ ಅಣು ಸಾರಜನಕದ ಅಣುವಿಗಿಂತ ಹಗುರ. ತೇವದ ಗಾಳಿ ಒಣ ಗಾಳಿಗಿಂತ ಕೊಂಚ ಹಗುರವೇ, ಆದರೆ ಆ ವ್ಯತ್ಯಾಸ ಲೆಕ್ಕಕ್ಕೆ ಬರದಷ್ಟು ಸಣ್ಣದು. ಮಳೆಗಾಲದಲ್ಲಿ ದೂರ ಕಡಿಮೆಯಾಗಲು ಕಾರಣ ನೆಲ. ಬಿದ್ದ ಚೆಂಡು ಉರುಳುವುದಿಲ್ಲ. ಜೊತೆಗೆ ತಂಪು: ಉಷ್ಣತೆ 10 ಡಿಗ್ರಿ ಇಳಿದರೆ ಉದ್ದ ಹೊಡೆತದಲ್ಲಿ ಎರಡು–ಮೂರು ಗಜ ಹೋಗುತ್ತದೆ. ಕ್ಲಬ್‌ನ ಮುಖಕ್ಕೂ ಚೆಂಡಿಗೂ ನಡುವೆ ನೀರೋ ಹುಲ್ಲೋ ಸಿಕ್ಕಿದರೆ ಹಿಂದಕ್ಕೆ ಸುತ್ತುವ ತಿರುಗಣೆ ಕಡಿಮೆಯಾಗಿ, ಚೆಂಡು ಗ್ರೀನ್ ಮೇಲೆ ನಿಲ್ಲದೆ ಮುಂದಕ್ಕೆ ಓಡುತ್ತದೆ. ಇದನ್ನು ‘ಫ್ಲೈಯರ್’ ಎನ್ನುತ್ತಾರೆ. ಚೆಂಡಿನ ಬಲಬದಿಗೆ ಕೆಸರು ಅಂಟಿದ್ದರೆ ಅದು ಎಡಕ್ಕೆ ವಾಲುತ್ತದೆ, ಎಡಬದಿಗೆ ಅಂಟಿದ್ದರೆ ಬಲಕ್ಕೆ. ಮಳೆಗಾಲದಲ್ಲಿ ‘ಎತ್ತಿ, ಒರೆಸಿ, ಇಡಬಹುದು’ ಎಂಬ ಸ್ಥಳೀಯ ನಿಯಮ ಜಾರಿಯಲ್ಲಿದೆಯೇ ಎಂದು ಮೊದಲ ಟೀ (ಹೋಲ್ ಶುರುವಾಗುವ ಜಾಗ) ಮೇಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಚೆಂಡನ್ನು ಮುಟ್ಟುವಂತಿಲ್ಲ.

ವೃತ್ತಿಪರರು ಮಾಡುವುದು ಇಷ್ಟೇ. ಸ್ವಿಟ್ಜರ್ಲೆಂಡ್‌ನ ಕ್ರಾನ್ಸ್ ಮೈದಾನ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಜೋಹಾನ್ಸ್‌ಬರ್ಗ್ ಸುಮಾರು 1,700. ಹೊಸ ಊರಿನ ಅಭ್ಯಾಸದ ದಿನ ಎಲ್ಲ ಕ್ಲಬ್‌ನಿಂದ ಹೊಡೆದು ನೋಡುವುದಿಲ್ಲ. 9 ಐರನ್, 6 ಐರನ್, ಅತಿ ದೂರ ಹೊಡೆಯುವ ಡ್ರೈವರ್ ಮೂರರಿಂದ ಐದೈದು ಚೆಂಡು ಹೊಡೆದು, ಉರುಳಿದ ದೂರ ಬಿಟ್ಟು ಬಿದ್ದ ಜಾಗದವರೆಗಿನ ದೂರ ಮಾತ್ರ ಅಳೆದು, ಮನೆಯ ಅಂಕಿಯ ಜೊತೆ ಹೋಲಿಸಿ ಒಂದು ಶೇಕಡಾವಾರು ಕಂಡುಕೊಳ್ಳುತ್ತಾರೆ. ಆ ವಾರ ಪೂರ್ತಿ ಕ್ಯಾಡಿಯ ಪುಸ್ತಕದಲ್ಲಿ ಪ್ರತಿ ಅಂಕಿಯ ಪಕ್ಕ ಸರಿಪಡಿಸಿದ ಅಂಕಿ ಇರುತ್ತದೆ. ನೀವೂ ಒಂದು ಸಣ್ಣ ಪುಸ್ತಕ ಇಡಿ. ಎಡಗಡೆ ಚಿಕ್ಕಮಗಳೂರು, ಬಲಗಡೆ ಕರಾವಳಿ.

ಪ್ರಶ್ನೆ: ಬ್ಯಾಗಿನಲ್ಲಿ ಎಷ್ಟು ಕ್ಲಬ್ ಇರಬಹುದು? ಅವನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ? (ಬೇಲೂರು)

ಉತ್ತರ: ಹೆಚ್ಚೆಂದರೆ 14. ಹದಿನೈದನೆಯದು ಸಿಕ್ಕಿದರೆ ತಪ್ಪಾದ ಪ್ರತಿ ಹೋಲ್‌ಗೆ ಎರಡು ಹೊಡೆತ, ಒಂದು ಸುತ್ತಿಗೆ ಗರಿಷ್ಠ ನಾಲ್ಕು ಹೊಡೆತ ದಂಡ. 2001ರ ಓಪನ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲಿ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡಿ ಎರಡನೇ ಟೀಗೆ ಬಂದಾಗ ಬ್ಯಾಗಿನಲ್ಲಿ ಎರಡು ಡ್ರೈವರ್ ಇದ್ದವು. ಎರಡು ಹೊಡೆತ ಹೋದವು.

ಬದಲಿಸುವುದಕ್ಕಿಂತ ಪರೀಕ್ಷಿಸುವುದು ಮುಖ್ಯ. ಮೆದು ಉಕ್ಕಿನ ಐರನ್‌ಗಳು ಗಟ್ಟಿ ನೆಲಕ್ಕೆ ಬಡಿದು ಬಡಿದು ಬಾಗುತ್ತವೆ. ಮುಖದ ಕೋನ ಒಂದು ಡಿಗ್ರಿ ಬದಲಾದರೆ ದೂರದಲ್ಲಿ ಮೂರು–ನಾಲ್ಕು ಗಜ ವ್ಯತ್ಯಾಸ. ಹತ್ತಿರದಿಂದ ಎತ್ತಿ ಹೊಡೆಯುವ ವೆಜ್‌ಗಳು 46, 50, 54 ಅಥವಾ 56, 60 ಡಿಗ್ರಿ ಹೀಗೆ ನಾಲ್ಕರಿಂದ ಆರು ಡಿಗ್ರಿ ಅಂತರದಲ್ಲಿರಬೇಕು. ಒಂದು ಬಾಗಿದರೂ ದೂರಗಳ ನಡುವೆ ತೂತು ಬೀಳುತ್ತದೆ. ಬಂಕರ್ (ಮರಳಿನ ಹಳ್ಳ) ಅಭ್ಯಾಸದ ಮರಳು ವೆಜ್‌ನ ಗೆರೆಗಳನ್ನು ಎಲ್ಲಕ್ಕಿಂತ ಬೇಗ ಸವೆಸುತ್ತದೆ. ದೊಡ್ಡ ಟೂರ್‌ನಲ್ಲಿ ಕಂಪನಿಗಳ ಲಾರಿಯೇ ಮೈದಾನದ ಪಕ್ಕ ನಿಂತಿರುತ್ತದೆ. ಕೆಳಗಿನ ಟೂರ್‌ಗಳಲ್ಲಿ ಆಟಗಾರನೇ ನೋಡಿಕೊಳ್ಳಬೇಕು, ಮತ್ತು ಕಾರ್ಡ್ ಕಳೆದುಕೊಂಡವರು ಮೊದಲು ಮರೆಯುವುದು ಇದನ್ನೇ.

ಪ್ರಶ್ನೆ: ಯಾರೂ ನೋಡದಿದ್ದರೂ ತಾನೇ ತಪ್ಪೊಪ್ಪಿಕೊಂಡು ಪಂದ್ಯ ಬಿಟ್ಟುಕೊಟ್ಟ ಇಂಗ್ಲಿಷ್ ಆಟಗಾರ ಒಬ್ಬರಿದ್ದಾರಂತೆ. ನಿಜವೇ? (ಸಕಲೇಶಪುರ)

ಉತ್ತರ: ನಿಜ. ಬ್ರಯನ್ ಡೇವಿಸ್. ಯುರೋಪ್‌ನಲ್ಲಿ ಎರಡು ಸಲ ಗೆದ್ದು, ಅಮೆರಿಕದ ಪಿಜಿಎ ಟೂರ್‌ನಲ್ಲಿ ಒಂದೂ ಗೆಲ್ಲದೆ ವರ್ಷಗಟ್ಟಲೆ ಆಡಿದವರು. 2010ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ಹಾರ್ಬರ್ ಟೌನ್‌ನಲ್ಲಿ ಜಿಮ್ ಫ್ಯೂರಿಕ್ ಎದುರು ಪ್ಲೇಆಫ್. ಚೆಂಡು ಗ್ರೀನ್‌ನ ಎಡಕ್ಕೆ ಜೌಗಿನ ಅಂಚಿನಲ್ಲಿ ಬಿತ್ತು. ಕ್ಲಬ್ ಹಿಂದಕ್ಕೆ ಎತ್ತುವಾಗ ಅಲ್ಲಿ ಬಿದ್ದಿದ್ದ ಒಂದು ಒಣ ಜೊಂಡಿನ ಕಡ್ಡಿ ತಾಗಿ ಅಲ್ಲಾಡಿತು. ಡೇವಿಸ್ ತಾವೇ ರೆಫರಿಯನ್ನು ಕರೆದು ಹೇಳಿದರು. ಟಿವಿಯಲ್ಲಿ ನಿಧಾನಗತಿಯಲ್ಲಿ ನೋಡಿದಾಗ ಮಾತ್ರ ಅದು ಕಂಡಿತು. ಹಝಾರ್ಡ್‌ನಲ್ಲಿ (ನೀರು, ಜೌಗು, ಮರಳಿನಂಥ ಅಡ್ಡಿಯ ಜಾಗ) ಬಿಡಿಯಾಗಿ ಬಿದ್ದ ವಸ್ತುವನ್ನು ಅಲುಗಿಸುವಂತಿಲ್ಲ ಎಂಬುದು ಅಂದಿನ ನಿಯಮ. ಎರಡು ಹೊಡೆತ ದಂಡ, ಪಂದ್ಯ ಫ್ಯೂರಿಕ್‌ಗೆ. ಗೆದ್ದವರಿಗೆ 10,26,000 ಡಾಲರ್, ಎರಡನೆಯವರಿಗೆ 6,15,600.

2019ರಲ್ಲಿ ನಿಯಮ ಬದಲಾಯಿತು. ಈಗ ಬಂಕರ್‌ನಲ್ಲೂ ಪೆನಾಲ್ಟಿ ಏರಿಯಾ ಎನ್ನುವ ನೀರು, ಜೌಗಿನ ಜಾಗದಲ್ಲೂ ಬಿಡಿ ಕಡ್ಡಿ, ಎಲೆ ಮುಟ್ಟಿದರೆ ದಂಡವಿಲ್ಲ. ಆದರೆ ಅದನ್ನು ತೆಗೆಯುವಾಗ ಚೆಂಡು ಅಲ್ಲಾಡಿದರೆ ಒಂದು ಹೊಡೆತ ದಂಡ ಇದ್ದೇ ಇದೆ. ಹಾಸನದ ಕಡೆ ಸಿಲ್ವರ್ ಓಕ್ ಎಲೆ ಉದುರುವ ಕಾಲದಲ್ಲಿ ಎಲೆ ತೆಗೆಯಲು ಅವಸರ ಬೇಡ. ಚೆಂಡು ಎಲೆಗೆ ಆತುಕೊಂಡಿದ್ದರೆ ಹಾಗೇ ಬಿಟ್ಟು ಹೊಡೆಯುವುದು ಲೇಸು.

ಪ್ರಶ್ನೆ: ಕ್ಲಬ್ ಪ್ರೊ, ಟೂರ್ ಪ್ರೊ ಇಬ್ಬರೂ ಒಂದೇ ಅಲ್ಲವೇ? (ಕಡೂರು)

ಉತ್ತರ: ಅಲ್ಲ. ಇಂಗ್ಲೆಂಡಿನಲ್ಲಿ 1901ರಲ್ಲಿ ಹುಟ್ಟಿದ ಪಿಜಿಎ (ವೃತ್ತಿಪರ ಗಾಲ್ಫ್ ಆಟಗಾರರ ಸಂಘ) ಮೂರು ವರ್ಷದ ತರಬೇತಿ ಕೊಡುತ್ತದೆ. ಕಲಿಸುವುದು, ಕ್ಲಬ್ ದುರಸ್ತಿ, ನಿಯಮ, ಅಂಗಡಿ ನಡೆಸುವುದು ಕಲಿತವರು ಕ್ಲಬ್ ಪ್ರೊ. ಟೂರ್ ಆಟಗಾರನಿಗೆ ಈ ಪದವಿ ಬೇಕಿಲ್ಲ, ಕಾರ್ಡ್ ಸಾಕು. ಟೂರ್ ಬಿಟ್ಟ ಮೇಲೆ ಕೈಹಿಡಿಯುವುದು ಮಾತ್ರ ಆ ಮೂರು ವರ್ಷದ ಕಲಿಕೆ.

ಪ್ರಶ್ನೆ: 50 ದಾಟಿದ ಮೇಲೆ ಇವರೆಲ್ಲ ಏನು ಮಾಡುತ್ತಾರೆ? (ನಿವೃತ್ತ ಉಪನ್ಯಾಸಕರು, ಹಾಸನ)

ಉತ್ತರ: ಹೊಸದಾಗಿ ಶುರುಮಾಡುತ್ತಾರೆ. 50 ತುಂಬಿದವರಿಗೆ ಸೀನಿಯರ್ ಟೂರ್‌ಗಳಿವೆ. ಅಲ್ಲಿ ಹೆಚ್ಚಿನ ಪಂದ್ಯಗಳು 54 ಹೋಲ್, ಕಟ್ ಇಲ್ಲ. ಪ್ರಮುಖ ಚಾಂಪಿಯನ್‌ಷಿಪ್‌ಗಳು ಮಾತ್ರ 72. ರೋಜರ್ ಚಾಪ್‌ಮನ್ 2012ರಲ್ಲಿ ಮಿಷಿಗನ್‌ನ ಹಾರ್ಬರ್ ಶೋರ್ಸ್‌ನಲ್ಲಿ ಸೀನಿಯರ್ ಪಿಜಿಎ ಗೆದ್ದರು. ಅದೇ ವರ್ಷ ಬರ್ನ್‌ಹಾರ್ಡ್ ಲ್ಯಾಂಗರ್‌ರನ್ನು ಹಿಂದಿಕ್ಕಿ ಯುಎಸ್ ಸೀನಿಯರ್ ಓಪನ್ ಕೂಡ ಗೆದ್ದರು. ಒಂದೇ ವರ್ಷ ಇವೆರಡನ್ನೂ ಗೆದ್ದವರು ಅದಕ್ಕೆ ಮುಂಚೆ ಗ್ಯಾರಿ ಪ್ಲೇಯರ್, ಜ್ಯಾಕ್ ನಿಕ್ಲಾಸ್, ಹೇಲ್ ಅರ್ವಿನ್ ಮೂವರೇ. ರೆಗ್ಯುಲರ್ ಟೂರ್‌ನಲ್ಲಿ ಜೀವಮಾನಕ್ಕೆ ಒಂದೇ ಗೆಲುವು ಕಂಡವರ ಹೆಸರು ಆ ಸಾಲಿಗೆ ಸೇರಿತು.

ಹನ್ನೆರಡು ವರ್ಷದ ನಂತರ, 2024ರಲ್ಲಿ, ಅದೇ ಹಾರ್ಬರ್ ಶೋರ್ಸ್‌ನಲ್ಲಿ ರಿಚರ್ಡ್ ಬ್ಲಾಂಡ್ ಕೊನೆಯ ಸುತ್ತಿನಲ್ಲಿ 63 ಹೊಡೆದು ಸೀನಿಯರ್ ಪಿಜಿಎ ಗೆದ್ದರು. ಸುಮಾರು ಐದು ವಾರದ ನಂತರ ನ್ಯೂಪೋರ್ಟ್‌ನಲ್ಲಿ ಜಪಾನ್‌ನ ಹಿರೋಯುಕಿ ಫುಜಿತಾ ಎದುರು ಪ್ಲೇಆಫ್‌ನಲ್ಲಿ ಯುಎಸ್ ಸೀನಿಯರ್ ಓಪನ್ ಕೂಡ ಅವರದಾಯಿತು. ಇದಕ್ಕೆ ಕಾರಣವೂ ಇದೆ. ದಿಗ್ಗಜರು 40 ದಾಟಿದ ಮೇಲೆ ಆಡುವ ವಾರಗಳನ್ನು ಕಡಿಮೆ ಮಾಡಿಕೊಳ್ಳುತ್ತಾರೆ, ಅವರಿಗೆ ಅದು ನಡೆಯುತ್ತದೆ. ಕಸುಬುದಾರರಿಗೆ ಆ ಸೌಲಭ್ಯವಿಲ್ಲ. ಬ್ಲಾಂಡ್ 48ನೇ ವಯಸ್ಸಿನಲ್ಲೂ ಪ್ರತಿ ಶುಕ್ರವಾರ ಕಟ್ ದಾಟಲೇಬೇಕಾಗಿತ್ತು, ಹಾಗಾಗಿ ಕೈ ಜಡ್ಡುಗಟ್ಟಿರಲಿಲ್ಲ.

ಪ್ರಶ್ನೆ: ಜೂನಿಯರ್ ಪಂದ್ಯವೊಂದರಲ್ಲಿ ಮಗಳ ಒಟ್ಟು ಸ್ಕೋರ್ ಸರಿಯಾಗಿಯೇ ಇತ್ತು. 7ನೇ ಹೋಲ್‌ಗೆ 5ರ ಬದಲು 4, 8ನೆಯದಕ್ಕೆ 4ರ ಬದಲು 5 ಎಂದು ಬರೆದಿತ್ತು ಅಷ್ಟೆ. ಅನರ್ಹಗೊಳಿಸಿದರು. ಇದು ನ್ಯಾಯವೇ? (ಪೋಷಕರು, ಹಾಸನ)

ಉತ್ತರ: ಮಗುವಿಗೆ ಬೇಸರವಾಗಿರುತ್ತದೆ, ಆದರೆ ತೀರ್ಮಾನ ಸರಿ. ಆಟಗಾರನ ಹೊಣೆ ಪ್ರತಿ ಹೋಲ್‌ನ ಅಂಕಿಗೆ ಮಾತ್ರ. ಕೂಡುವ ಕೆಲಸ ಸಮಿತಿಯದು. ಆಡಿದ್ದಕ್ಕಿಂತ ಕಡಿಮೆ ಅಂಕಿಗೆ ಸಹಿ ಹಾಕಿ ಸ್ಕೋರ್‌ಕಾರ್ಡ್ ಕೊಟ್ಟರೆ ಅನರ್ಹ. ಗೊತ್ತಿಲ್ಲದೆ ಬಿಟ್ಟುಹೋದ ದಂಡದ ಹೊಡೆತಕ್ಕೆ ಮಾತ್ರ ರಿಯಾಯಿತಿ ಇದೆ. ಆಡಿದ್ದಕ್ಕಿಂತ ಹೆಚ್ಚು ಬರೆದಿದ್ದರೆ ಆ ಹೆಚ್ಚಿನ ಅಂಕಿಯೇ ನಿಲ್ಲುತ್ತದೆ. ನಿಮ್ಮ ಮಗಳ 8ನೇ ಹೋಲ್ ತೊಂದರೆ ಮಾಡಲಿಲ್ಲ, 7ನೆಯದು ಮಾಡಿತು.

ಹೀಗೆ ಅಭ್ಯಾಸ ಮಾಡಿಸಿ. ಪ್ರತಿ ಹೋಲ್ ಮುಗಿದು ಮುಂದಿನ ಟೀಗೆ ಬಂದಾಗ ಅಂಕಿ ಬಾಯಲ್ಲಿ ಹೇಳಿ, ಅಂಕಿ ಬರೆಯುತ್ತಿರುವ ಮಾರ್ಕರ್ ‘ಹೌದು’ ಎಂದ ಮೇಲೇ ಬರೆಯಬೇಕು. ಸ್ಕೋರ್‌ಕಾರ್ಡ್‌ನ ಕೆಳಗಿನ ಸಾಲಿನಲ್ಲಿ ತನ್ನದನ್ನೂ ಬರೆದುಕೊಳ್ಳಬೇಕು. ಸುತ್ತು ಮುಗಿದ ಮೇಲೆ ಕುಳಿತು, ಒಂದರಿಂದ ಹದಿನೆಂಟರವರೆಗೆ ಮಾರ್ಕರ್ ಜೋರಾಗಿ ಓದಬೇಕು, ಮಗಳು ತನ್ನ ಸಾಲಿನ ಮೇಲೆ ಬೆರಳಿಟ್ಟು ಹೋಲಿಸಬೇಕು. ಆಮೇಲೆ ಸಹಿ. ಮೊತ್ತ ನೋಡಿ ಸಹಿ ಹಾಕುವುದನ್ನು ಪೂರ್ತಿ ಬಿಡಿಸಿ. 1968ರಲ್ಲಿ ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರೊಬರ್ಟೊ ಡಿ ವಿಚೆಂಜೊ 17ನೇ ಹೋಲ್‌ನಲ್ಲಿ 3 ಹೊಡೆದಿದ್ದರೂ ಮಾರ್ಕರ್ ಬರೆದ 4ಕ್ಕೆ ಸಹಿ ಹಾಕಿದರು. 65 ಆಗಬೇಕಿದ್ದ ಸುತ್ತು 66 ಎಂದೇ ದಾಖಲಾಯಿತು, ಒಂದು ಹೊಡೆತದಿಂದ ಪಂದ್ಯ ಬಾಬ್ ಗೋಲ್ಬಿ ಪಾಲಾಯಿತು.